ಕಟಿಂಗ್ ಮಷೀನಿನಲ್ಲಿ ಆಕಾಶಬುಟ್ಟಿ ಮಾಡುವುದು ಹೇಗೆ?

ದೀಪಾವಳಿ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಕ್ರಿಕಟ್ ತಗೊಂಡಿದ್ದೇನೆ, ಇದರಲ್ಲಿ ಆಕಾಶಬುಟ್ಟಿ ಆಗುತ್ತಾ?" "ಕತ್ತರಿಸಿದ್ದೇನೋ ಚೆನ್ನಾಗಿ ಬಂತು, ಮಡಚಿದರೆ ಸೊಟ್ಟ ಆಯ್ತು, ಯಾಕೆ?" "ಹಗಲಲ್ಲಿ ಚೆಂದ ಕಾಣುತ್ತೆ, ಲೈಟ್ ಹಾಕಿದ್ರೆ ಬಲ್ಬ್ ಬಿಟ್ಟು ಬೇರೇನೂ ಕಾಣಲ್ಲ." ಎಲ್ಲದಕ್ಕೂ ಒಂದೇ ಕಡೆ ಉತ್ತರ ಬರೆದುಬಿಡೋಣ ಅಂತ ಈ ಲೇಖನ. ಕಟಿಂಗ್ ಮಷೀನ್ ಅಂದರೆ ಕಂಪ್ಯೂಟರಿನಲ್ಲಿ ಬರೆದ ನಕ್ಷೆಯಂತೆ ಸಣ್ಣ ಬ್ಲೇಡಿನಿಂದ ಕಾಗದ ಕತ್ತರಿಸುವ ಮಷೀನ್, ಕ್ರಿಕಟ್ ಅದರದೊಂದು ಬ್ರ್ಯಾಂಡ್.

ಒಂದು ಮಾತು ಮೊದಲೇ ಹೇಳುತ್ತೇನೆ. ಮಷೀನ್ ಮಾಡುವುದು ಕತ್ತರಿಸುವ ಕೆಲಸ ಮಾತ್ರ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ಆಕಾಶಬುಟ್ಟಿ ಕೆಡುವುದು ಹೆಚ್ಚಾಗಿ ಅದಕ್ಕಿಂತ ಮುಂಚೆ ಅಥವಾ ಅದಾದ ಮೇಲೆ. ಕಾಗದದ ಮೇಲೆ ಚೆಂದ ಕಾಣುವ ಚಿತ್ತಾರ ಹುಡುಕುತ್ತಾ ಕೂರುತ್ತೇವೆ, ಅದು ರಾತ್ರಿ ನೇತಾಡುವ ವಸ್ತು ಅನ್ನೋದೇ ಮರೆತುಹೋಗುತ್ತದೆ. ಆದ್ದರಿಂದ ಇಲ್ಲಿ ಬೆಳಕಿನಿಂದಲೇ ಶುರು ಮಾಡೋಣ.

ನಾವು ಮಾಡುವುದು ಆರು ಮುಖದ ಒಂದು ಸರಳ ಬುಟ್ಟಿ. ಪ್ರತಿ ಮುಖ 9 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರ. ಮಾಡಿ ಮುಗಿಸಿದಾಗ ಮೂಲೆಯಿಂದ ಎದುರು ಮೂಲೆಗೆ 18 ಸೆಂ.ಮೀ. ಇರುತ್ತದೆ. ಈ ಅಳತೆ ಸುಮ್ನೆ ಇಟ್ಟಿದ್ದಲ್ಲ. ಮೂರು ಮುಖ ಒಂದೇ ಎ4 ಹಾಳೆಯಲ್ಲಿ ಕೂರುತ್ತದೆ, ಎರಡು ಹಾಳೆಗೆ ಬುಟ್ಟಿಯ ಮೈ ಮುಗಿಯುತ್ತದೆ.

ಏನೇನು ಬೇಕು

12 ಇಂಚು ಅಗಲದ ಮ್ಯಾಟ್ ಹಿಡಿಯುವ ಯಾವ ಮಷೀನ್ ಆದರೂ ಸರಿ. ಕ್ರಿಕಟ್ ಎಕ್ಸ್‌ಪ್ಲೋರ್, ಕ್ರಿಕಟ್ ಮೇಕರ್, ಸಿಲೂಯೆಟ್ ಕ್ಯಾಮಿಯೋ, ಎಲ್ಲದರಲ್ಲೂ ಆಗುತ್ತದೆ. ಮ್ಯಾಟ್ ಅಂದರೆ ಒಂದು ಮೈಗೆ ಅಂಟು ಇರುವ ಪ್ಲಾಸ್ಟಿಕ್ ಹಾಳೆ. ಕಾಗದವನ್ನು ಅದರ ಮೇಲೆ ಅಂಟಿಸಿಯೇ ಮಷೀನಿಗೆ ಕೊಡಬೇಕು. ಚಿಕ್ಕ ಕ್ರಿಕಟ್ ಜಾಯ್ ಇರುವವರು ಬೇಜಾರಾಗಬೇಡಿ. ಅದರ ಮ್ಯಾಟ್ 4.5 ಇಂಚು ಅಗಲ, ಆದ್ದರಿಂದ ಮೂರು ಮುಖ ಒಟ್ಟಿಗೆ ಬರಲ್ಲ. ಒಂದೊಂದೇ ಮುಖವನ್ನು ಅದರದೇ ಅಂಟುಪಟ್ಟಿಯ (ಗೋಂದು ಹಚ್ಚುವುದಕ್ಕೆ ಬಿಡುವ ಹೆಚ್ಚುವರಿ ಅಂಚು) ಜೊತೆ ಉದ್ದದ ಮ್ಯಾಟ್ ಮೇಲೆ ಕತ್ತರಿಸಿದರೆ 10.5 ಸೆಂ.ಮೀ. ಅಗಲದಲ್ಲಿ ಮುಗಿಯುತ್ತದೆ. ಅಂಟಿಸುವ ಕೆಲಸ ಮಾತ್ರ ಜಾಸ್ತಿ. ಮುಚ್ಚಳಗಳು ಆ ಮ್ಯಾಟ್ ಮೇಲೆ ಹಿಡಿಯಲ್ಲ, ಅವನ್ನು ಕತ್ತರಿಯಲ್ಲೇ ಕತ್ತರಿಸಿ.

ಮಷೀನೇ ಇಲ್ಲದವರಿಗೂ ಒಂದು ದಾರಿ ಇದೆ. ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಗಳಲ್ಲಿ ಇದೇ ಜಾತಿಯ ಪ್ಲಾಟರ್ ಇರುತ್ತದೆ. ಆದರೆ ಅವರದು ಮ್ಯಾಟ್ ಇಲ್ಲದೆ ಓಡುವ ಮಷೀನ್. ಸ್ಟಿಕ್ಕರಿನ ಹಿಂದೆ ಅದರದೇ ಕಾಗದ ಇರುತ್ತದೆ, ಬ್ಲೇಡ್ ಮೇಲಿನ ಪದರ ಮಾತ್ರ ಕತ್ತರಿಸುತ್ತದೆ. ಕಾರ್ಡ್ ಹಾಳೆಯನ್ನು ಹಾಗೇ ಕೊಟ್ಟರೆ ತುಂಡುಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಲೇಸರ್ ಕಟಿಂಗ್ ಮಾಡುವ ಕಡೆ ಕೊಡುವುದು ಇದಕ್ಕಿಂತ ವಾಸಿ. ಅಂಚು ಸ್ವಲ್ಪ ಸುಟ್ಟು ಕಂದು ಆಗುತ್ತದೆ, ಗಾಢ ಬಣ್ಣದ ಕಾಗದ ಕೊಟ್ಟರೆ ಅದು ಕಾಣುವುದಿಲ್ಲ.

ಇನ್ನು ಕಾಗದ. ಮೈಗೆ ಎರಡು ಮತ್ತು ಮೇಲೆ ಕೆಳಗಿನ ಮುಚ್ಚಳಕ್ಕೆ ಎರಡು, ಒಟ್ಟು ನಾಲ್ಕು ಕಾರ್ಡ್ ಹಾಳೆ. ಪರೀಕ್ಷೆಗೆ ಇನ್ನೊಂದೆರಡು ಇರಲಿ. 180ರಿಂದ 220 ಜಿಎಸ್‌ಎಂ ಕೇಳಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್ ಆಗುತ್ತದೆ. ಹಾಗಾಗಿ ಕಟ್ಟಿನ ಮೇಲೆ ಬರೆದಿದ್ದು ನಿಜವೋ ಸುಳ್ಳೋ ಅನ್ನುವ ಅನುಮಾನ ಬಂದರೆ ಹದಿನಾರು ಹಾಳೆ ತಕ್ಕಡಿಗೆ ಹಾಕಿ. 220 ಗ್ರಾಂ ಬಂದರೆ 220 ಜಿಎಸ್‌ಎಂ, ಅಷ್ಟೇ. 150ಕ್ಕಿಂತ ತೆಳು ಆದರೆ ಬುಟ್ಟಿ ಬಾಗುತ್ತದೆ. 250 ದಾಟಿದರೆ ಸಣ್ಣ ಚಿತ್ತಾರ ಹರಿಯುತ್ತದೆ, ಮಡಿಕೆಯೂ ಬಿರುಕು ಬಿಡುತ್ತದೆ.

ಬಣ್ಣದ ಕಾರ್ಡ್ ತಗೊಳ್ಳುವಾಗ ಮೂಲೆಯಲ್ಲಿ ಚೂರು ಹರಿದು ನೋಡಿ. ಒಳಗೂ ಅದೇ ಬಣ್ಣ ಇರಬೇಕು. ಒಳಗೆ ಬಿಳಿ ಇದ್ದರೆ ಮಡಚಿದ ಕಡೆಯೆಲ್ಲ ಬಿಳಿ ಗೆರೆ ಎದ್ದು ಕಾಣುತ್ತದೆ. ಕೈಕಾಗದ ನೋಡಲು ಚೆಂದ, ಆದರೆ ಅದರ ನಾರು ಬ್ಲೇಡಿಗೆ ಸಿಕ್ಕಿ ಎಳೆದುಕೊಂಡು ಬರುತ್ತದೆ. ಮೊದಲ ಸಲಕ್ಕೆ ಬೇಡ.

ಕಿಟಕಿಯ, ಅಂದರೆ ಪ್ರತಿ ಮುಖದಲ್ಲಿ ಚಿತ್ತಾರ ಕತ್ತರಿಸಿದ ಜಾಗದ, ಹಿಂದೆ ಅಂಟಿಸಲು ಟ್ರೇಸಿಂಗ್ ಪೇಪರ್ ಎರಡು ಹಾಳೆ. ಸ್ಟೇಷನರಿ ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ಅಡುಗೆಮನೆಯ ಬಟರ್ ಪೇಪರ್ ಮಾತ್ರ ತರಬೇಡಿ. ಅದರ ಮೇಲೆ ಏನೂ ಅಂಟಬಾರದು ಅಂತಲೇ ಅದನ್ನು ಮಾಡಿರುವುದು, ನಿಮ್ಮ ಗೋಂದೂ ಅಂಟುವುದಿಲ್ಲ.

ಉಳಿದದ್ದು ಮನೆಯಲ್ಲೇ ಇರುತ್ತದೆ. ಫೆವಿಕಾಲ್, ಗ್ಲೂ ಸ್ಟಿಕ್, ಸ್ಟೀಲ್ ಸ್ಕೇಲು, ಇಂಕು ಮುಗಿದ ಬಾಲ್ ಪೆನ್ನು, ಬಟ್ಟೆ ಕ್ಲಿಪ್ಪು, ಸೂಜಿ, ಗಟ್ಟಿ ದಾರ. ಆಮೇಲೆ ಚಪಾತಿ ಲಟ್ಟಣಿಗೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಹೊಳಪು ಬೇಕಾ, ನೆರಳು ಬೇಕಾ? ಮೊದಲು ಇದನ್ನು ತೀರ್ಮಾನಿಸಿ

ಆಕಾಶಬುಟ್ಟಿ ಎರಡು ಥರ ಬೆಳಗಬಹುದು. ಬುಟ್ಟಿಯೇ ಮೃದುವಾಗಿ ಹೊಳೆಯುವುದು ಒಂದು. ಬುಟ್ಟಿಯ ಚಿತ್ತಾರ ಗೋಡೆ, ಸೂರಿನ ಮೇಲೆ ನೆರಳಾಗಿ ಬೀಳುವುದು ಇನ್ನೊಂದು. ಎರಡೂ ಒಟ್ಟಿಗೆ ಬೇಕು ಅಂತ ಹೊರಟರೆ ಎರಡೂ ಅರೆಬರೆ ಆಗುತ್ತದೆ.

ಹೊಳಪು ಬೇಕಾದರೆ ಕಿಟಕಿಯ ಹಿಂದೆ ಟ್ರೇಸಿಂಗ್ ಪೇಪರ್ ಇರಲೇಬೇಕು, ಬಲ್ಬು ಹಾಲುಬಿಳಿ ಗಾಜಿನದಾಗಿರಬೇಕು. ಆಗ ಕಿಟಕಿಗಳು ದೊಡ್ಡದಿರಲಿ, ಕಾರ್ಡ್ ಗಾಢ ಬಣ್ಣದ್ದಿರಲಿ. ನೆರಳು ಬೇಕಾದರೆ ಹಿಂದೆ ಕಾಗದವೇ ಬೇಡ. ಬೆಳಕು ಒಂದೇ ಚುಕ್ಕಿಯಿಂದ ಬರಬೇಕು, ಅಂದರೆ ಪಾರದರ್ಶಕ ಗಾಜಿನ ಒಂದೇ ಸಣ್ಣ ಬಲ್ಬು. ಸೀರಿಯಲ್ ಸೆಟ್ ಸುತ್ತಿ ಒಳಗೆ ತುರುಕಿದರೆ ಒಂದೊಂದು ದೀಪವೂ ತನ್ನದೇ ನೆರಳು ಬೀಳಿಸಿ ಎಲ್ಲ ಕಲಸಿಹೋಗುತ್ತದೆ. ನೆರಳು ಬೀಳಲು ಹತ್ತಿರದಲ್ಲಿ ಗೋಡೆಯೂ ಬೇಕು ಅಲ್ವಾ? ತೆರೆದ ಅಂಗಳದಲ್ಲಿ, ಗೇಟಿನ ಹತ್ತಿರ ಕಟ್ಟುವವರು ಹೊಳಪಿನದ್ದೇ ಮಾಡಿ. ವರಾಂಡದ ಮೂಲೆಗೆ ನೆರಳಿನದ್ದು ಚೆಂದ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಹಳದಿ ಛಾಯೆಯ ಎಲ್‌ಇಡಿ, ಅಂದರೆ ವಾರ್ಮ್ ವೈಟ್, ಹಾಕುವವರು ನೀಲಿ ಟ್ರೇಸಿಂಗ್ ಪೇಪರ್ ತಗೊಳ್ಳಬೇಡಿ. ಆ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ, ಕಾಗದ ಮಂಕಾಗಿ ಕಾಣುತ್ತದೆ. ಹಳದಿ, ಕೇಸರಿ, ಕೆಂಪು ಅದರಲ್ಲಿ ಚೆನ್ನಾಗಿ ಏಳುತ್ತವೆ. ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬಣ್ಣ ನೋಡುವವರಿಗೂ ಇದೇ ಮಾತು, ಟಾರ್ಚಿನದು ಬಿಳಿ ಬೆಳಕು, ಮನೆಯ ಬಲ್ಬಿನಲ್ಲಿ ಅದೇ ಬಣ್ಣ ಬರಲ್ಲ.

2. ನಕ್ಷೆ ಬರೆಯುವುದು

ಇಂಕ್‌ಸ್ಕೇಪ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದು ಸಾಕು. ಅಳತೆಯನ್ನು ಮಿಲಿಮೀಟರಿಗೆ ಇಟ್ಟುಕೊಳ್ಳಿ. 90 × 160 ಮಿ.ಮೀ. ಆಯತ ಒಂದು ಬರೆದು, ಅದನ್ನು ನಕಲು ಮಾಡಿ ಮೂರನ್ನು ಪಕ್ಕಪಕ್ಕ ಅಂಟಿಸಿ ಇಡಿ. ಎಡಗಡೆ 15 ಮಿ.ಮೀ. ಅಗಲದ ಅಂಟುಪಟ್ಟಿ. ಪ್ರತಿ ಮುಖದ ಮೇಲೆ ಮತ್ತು ಕೆಳಗೆ ಕೂಡ 15 ಮಿ.ಮೀ. ಎತ್ತರದ ಅಂಟುಪಟ್ಟಿ ಬೇಕು, ಮುಚ್ಚಳ ಕೂರಿಸಲು. ಒಟ್ಟು ಅಳತೆ 285 × 190 ಮಿ.ಮೀ. ಆಗುತ್ತದೆ. ಎ4 ಹಾಳೆ 297 × 210.

ಮೇಲಿನ ಕೆಳಗಿನ ಅಂಟುಪಟ್ಟಿಗಳು ನೇರ ಆಯತ ಆಗಿದ್ದರೆ ಒಳಗೆ ಮಡಚಿದಾಗ ಒಂದರ ಮೇಲೊಂದು ಹತ್ತಿ ಬುಟ್ಟಿಯನ್ನು ಹೊರಗೆ ತಳ್ಳುತ್ತವೆ. ಸೊಟ್ಟ ಬಂತು ಅನ್ನುವವರಲ್ಲಿ ಅರ್ಧ ಜನರ ಸಮಸ್ಯೆ ಇದೇ. ಪ್ರತಿ ಪಟ್ಟಿಯ ಎರಡೂ ತುದಿಯನ್ನು 10 ಮಿ.ಮೀ. ಒಳಗೆ ಓರೆ ಮಾಡಿ. ಮಡಿಕೆಯ ಹತ್ತಿರ 90 ಮಿ.ಮೀ., ಹೊರ ಅಂಚಿನಲ್ಲಿ 70 ಮಿ.ಮೀ. ಆರು ಮೂಲೆಯ ಬುಟ್ಟಿಗೆ ಈ ಓರೆ ಸಾಕು.

ಈಗ ಎಲ್ಲರೂ ಎಡವುವ ಜಾಗ. ಮೂರು ಆಯತ ಪಕ್ಕಪಕ್ಕ ಇಟ್ಟು ಹಾಗೇ ಮಷೀನಿಗೆ ಕಳಿಸಿದರೆ ಮಷೀನ್ ಮೂರನ್ನೂ ಬೇರೆ ಬೇರೆ ಕತ್ತರಿಸಿ ಕೊಡುತ್ತದೆ. ಅದಕ್ಕೆ ಗೆರೆ ಅಂದರೆ ಕತ್ತರಿಸು ಅಂತ ಮಾತ್ರ ಗೊತ್ತು. ಆಯತಗಳನ್ನೂ ಪಟ್ಟಿಗಳನ್ನೂ ಒಟ್ಟಿಗೆ ಆರಿಸಿ, ಪಾತ್ ಮೆನುವಿನಲ್ಲಿ ಯೂನಿಯನ್ ಒತ್ತಿ ಒಂದೇ ಹೊರರೇಖೆ ಮಾಡಿ. ಆಮೇಲೆ ಮಡಿಕೆ ಗೆರೆಗಳನ್ನು ಬೇರೆ ಬಣ್ಣದಲ್ಲಿ, ಬೇರೆಯಾಗಿ ಎಳೆಯಿರಿ. ನಿಂತ ಗೆರೆ ಮೂರು, ಅಡ್ಡ ಗೆರೆ ಮೇಲೆ ಮೂರು ಕೆಳಗೆ ಮೂರು.

ಮಡಿಕೆ ಗೆರೆಗೆ ಚುಕ್ಕಿ ಗೆರೆ ಶೈಲಿ ಕೊಟ್ಟರೆ ಮಷೀನ್ ಚುಕ್ಕಿಯಾಗಿ ಕತ್ತರಿಸುತ್ತದೆ ಅಂದುಕೊಳ್ಳಬೇಡಿ. ಅದು ತೆರೆಯ ಮೇಲಿನ ಅಲಂಕಾರ ಅಷ್ಟೇ, ಒಳಗಿರುವುದು ಇಡೀ ಗೆರೆ. ಮಷೀನ್ ಪೂರ್ತಿ ಕತ್ತರಿಸಿಬಿಡುತ್ತದೆ. ಅಲ್ಲದೆ ಆಕಾಶಬುಟ್ಟಿಗೆ ಚುಕ್ಕಿ ಕತ್ತರಿಕೆ ಒಳ್ಳೆಯದೂ ಅಲ್ಲ. ರಾತ್ರಿ ಪ್ರತಿ ಮೂಲೆಯಲ್ಲೂ ಬೆಳಕಿನ ಚುಕ್ಕಿ ಸಾಲು ಸೋರುತ್ತದೆ.

ಮುಚ್ಚಳ ಸುಲಭ. 90 ಮಿ.ಮೀ. ಬದಿಯ ಷಟ್ಕೋನ, ನಡುವೆ 100 ಮಿ.ಮೀ. ವ್ಯಾಸದ ತೂತು. ತೂತು ಇಷ್ಟು ದೊಡ್ಡದು ಯಾಕೆ ಅಂದರೆ, ಅಂಟಿಸುವಾಗ ನಿಮ್ಮ ಕೈ ಒಳಗೆ ಹೋಗಬೇಕು, ಆಮೇಲೆ ಬಲ್ಬಿನ ಬಿಸಿ ಹೊರಗೆ ಹೋಗಬೇಕು. ಮೇಲಿನ ಮುಚ್ಚಳಕ್ಕೆ ದಾರ ಕಟ್ಟಲು ಒಂದು ಬಿಟ್ಟು ಒಂದು ಮೂಲೆಯಲ್ಲಿ, ಒಟ್ಟು ಮೂರು, 3 ಮಿ.ಮೀ. ತೂತು ಇಡಿ. ತೂತು ಅಂಚಿನಿಂದ 2 ಸೆಂ.ಮೀ. ಒಳಗಿರಲಿ, ಇಲ್ಲದಿದ್ದರೆ ಅಂಟುಪಟ್ಟಿ ಅದನ್ನು ಮುಚ್ಚುತ್ತದೆ.

3. ಕಿಟಕಿಯ ಚಿತ್ತಾರ

ಪ್ರತಿ ಮುಖದಲ್ಲಿ ಸುತ್ತಲೂ 10 ಮಿ.ಮೀ. ಚೌಕಟ್ಟು ಬಿಡಿ. ಒಳಗೆ 70 × 140 ಮಿ.ಮೀ. ಜಾಗ ಸಿಗುತ್ತದೆ. ಚೌಕಟ್ಟು ಕಡಿಮೆ ಮಾಡಲು ಆಸೆಯಾಗುತ್ತದೆ, ಮಾಡಬೇಡಿ. ಕರಾವಳಿಯ ಗೂಡುದೀಪಕ್ಕೆ ಬಿದಿರು ಕಡ್ಡಿಯ ಹಂದರ ಇರುತ್ತದೆ, ಬಣ್ಣದ ಕಾಗದ ಸುಮ್ನೆ ಅದರ ಮೇಲೆ ಕೂರುತ್ತದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆ ನೋಡಿದವರಿಗೆ ಆ ಕಡ್ಡಿ ಕೆಲಸ ಎಷ್ಟು ನಾಜೂಕು ಅಂತ ಗೊತ್ತು. ನಮ್ಮ ಬುಟ್ಟಿಗೆ ಕಡ್ಡಿ ಇಲ್ಲ. ಈ ಒಂದು ಸೆಂಟಿಮೀಟರ್ ಅಂಚೇ ಅದರ ಕಡ್ಡಿ.

ಚಿತ್ತಾರಕ್ಕೆ ಒಂದೇ ನಿಯಮ: ಉಳಿಯಬೇಕಾದ ಪ್ರತಿ ಚೂರೂ ಚೌಕಟ್ಟಿಗೆ ಎಲ್ಲಾದರೂ ಅಂಟಿಕೊಂಡಿರಬೇಕು. ಬೇಲೂರಿನ ಚೆನ್ನಕೇಶವ ಗುಡಿಯ ಜಾಲಂಧ್ರಗಳ ಫೋಟೋ ಹಾಕಿಕೊಂಡು ಕೂತು ನೋಡಿ. ಜಾಲಂಧ್ರ ಅಂದರೆ ತೂತು ಕೊರೆದ ಕಲ್ಲಿನ ಕಿಟಕಿ. ಅದರಲ್ಲಿ ಯಾವ ಕಲ್ಲೂ ಒಂಟಿಯಾಗಿ ನಿಂತಿಲ್ಲ, ನಕ್ಷತ್ರವೋ ಬಳ್ಳಿಯೋ ಪಕ್ಕದ್ದರ ಕೈ ಹಿಡಿದೇ ನಿಂತಿರುತ್ತದೆ. ಕಾಗದಕ್ಕೂ ಅದೇ ಲೆಕ್ಕ. ನನ್ನನ್ನು ಕೇಳಿದರೆ ಅಂತರ್ಜಾಲದಲ್ಲಿ ಸಿಗುವ ಮಂಡಲ ಚಿತ್ರಗಳಿಗಿಂತ ಈ ಕಿಟಕಿಗಳೇ ಆಕಾಶಬುಟ್ಟಿಗೆ ಒಳ್ಳೆಯ ಮಾದರಿ. ಅವನ್ನು ಮಾಡಿದ್ದೇ ಬೆಳಕು ಬಿಡಲು.

ತೂತಿನ ನಡುವೆ ಉಳಿಯುವ ಕಾಗದದ ಕೊಂಡಿ 2 ಮಿ.ಮೀ.ಗಿಂತ ಸಣ್ಣ ಆಗಬಾರದು. ಹೊಸಬರು 3 ಇಟ್ಟುಕೊಳ್ಳಿ. ತೂತು 3 ಮಿ.ಮೀ.ಗಿಂತ ಚಿಕ್ಕದಾದರೆ ಅದರ ಚೂರು ಬ್ಲೇಡಿಗೆ ಸಿಕ್ಕಿ ಮುಂದಿನ ಗೆರೆ ಹರಿಯುತ್ತದೆ. ರಾತ್ರಿ ದೂರದಿಂದ ಅಷ್ಟು ಸಣ್ಣದು ಕಾಣುವುದೂ ಇಲ್ಲ. ಕಸೂತಿಯ ಗೋಪುರ, ತೇರು ಇಂಥವನ್ನು ಹಾಕಬೇಕು ಅನ್ನುವವರು ಗೆರೆಗಳನ್ನು ಗೆರೆಯಾಗಿ ಬಿಡದೆ ಅಗಲದ ಪಟ್ಟಿಗಳಾಗಿ ಬದಲಿಸಿ.

ಚಿತ್ರವೊಂದನ್ನು ಟ್ರೇಸ್ ಮಾಡಿ, ಅಂದರೆ ತಂತ್ರಾಂಶದಿಂದಲೇ ಅದರ ಅಂಚುಗಳನ್ನು ಗೆರೆಯಾಗಿಸಿ, ತೆಗೆದುಕೊಳ್ಳುವವರೇ, ಗಮನಿಸಿ. ಕಪ್ಪು ಗೆರೆಯ ಚಿತ್ರ ಟ್ರೇಸ್ ಮಾಡಿದರೆ ಗೆರೆಯ ಒಳಗೊಂದು ಹೊರಗೊಂದು, ಎರಡು ಪಾತ್ (ಕತ್ತರಿಸುವ ಗೆರೆ) ಬರುತ್ತದೆ. ಮಷೀನ್ ಎರಡನ್ನೂ ಕತ್ತರಿಸುತ್ತದೆ, ನಿಮಗೆ ಸಿಗುವುದು ಕೂದಲಿನಂಥ ಕಾಗದದ ಎಳೆ. ಗೆರೆ ಚಿತ್ರ ಬಿಟ್ಟು ತುಂಬಿದ ನೆರಳುಚಿತ್ರ ಟ್ರೇಸ್ ಮಾಡಿ.

ಕನ್ನಡ ಅಕ್ಷರ ಹಾಕುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕಟಿಂಗ್ ಮಷೀನಿನ ತಂತ್ರಾಂಶದಲ್ಲೇ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ, ಗುಣಿತ ಬೇರೆಲ್ಲೋ ಹೋಗಿ ಕೂರಬಹುದು. ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಫಾಂಟಿನಲ್ಲಿ ಬರೆದು, ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಕೊಟ್ಟು, ಗುಂಪು ಬಿಡಿಸಿ, ಯೂನಿಯನ್ ಮಾಡಿ. ಯೂನಿಯನ್ ಬಿಟ್ಟರೆ ಗುಣಿತದ ಚಿಹ್ನೆ ಅಕ್ಷರದ ಮೇಲೆ ಹಾಯ್ದ ಕಡೆ ಒಂದು ಅನಗತ್ಯ ಕತ್ತರಿಕೆ ಬೀಳುತ್ತದೆ.

ನಮ್ಮ ಅಕ್ಷರಗಳು ದುಂಡಗೆ ಇರುವುದರಿಂದ ಇನ್ನೊಂದು ತೊಂದರೆ. ಅಕ್ಷರವನ್ನು ತೂತಾಗಿ ಕತ್ತರಿಸಿದರೆ 'ರ', 'ಠ' ಇಂಥವುಗಳ ಹೊಟ್ಟೆ ಕಳಚಿ ಬೀಳುತ್ತದೆ. ಹೊಟ್ಟೆಯಿಂದ ಹೊರಗಿನ ಕಾಗದಕ್ಕೆ 2 ಮಿ.ಮೀ. ಅಗಲದ ಒಂದೆರಡು ಕೊಂಡಿ ಕೊಡಿ, ಗೋಡೆಯ ಮೇಲೆ ಅಕ್ಷರ ಬರೆಯುವ ತಗಡಿನ ಅಚ್ಚಿನಲ್ಲಿ ಇರುತ್ತದಲ್ಲ, ಹಾಗೆ. ಅದೇ ಅಕ್ಷರವನ್ನು ಕಾಗದವಾಗಿ ಉಳಿಸಿ ಸುತ್ತಲೂ ಕತ್ತರಿಸುವುದಾದರೆ ತೊಂದರೆ ತಿರುಗುಮುರುಗು. 'ದೀ' ಬರೆದರೆ ದೀರ್ಘದ ಚಿಹ್ನೆ ಬೇರೆ ತುಂಡಾಗಿ ಉದುರುತ್ತದೆ, ಅದನ್ನು ಪಕ್ಕದ ಅಕ್ಷರಕ್ಕೆ ತಾಗಿಸಬೇಕು.

4. ಮಷೀನಿಗೆ ಕಳಿಸುವುದು

ಕ್ರಿಕಟ್ ಇರುವವರು ಎಸ್‌ವಿಜಿ ರೂಪದಲ್ಲಿ ಉಳಿಸಿ. ಗೆರೆಗಳು ಚಿತ್ರವಾಗಿ ಅಲ್ಲದೆ ಗೆರೆಗಳಾಗಿಯೇ ಉಳಿಯುವ ಕಡತ ಅದು. ಸಿಲೂಯೆಟ್ ತಂತ್ರಾಂಶದ ಉಚಿತ ಆವೃತ್ತಿ ನೀವು ಮಾಡಿದ ಎಸ್‌ವಿಜಿ ತೆರೆಯುವುದಿಲ್ಲ, ಅದಕ್ಕೆ ಡಿಎಕ್ಸ್‌ಎಫ್ ರೂಪದಲ್ಲಿ ಉಳಿಸಿ.

ತೆರೆದ ತಕ್ಷಣ ನೋಡಬೇಕಾದ್ದು ಅಳತೆ. ತಂತ್ರಾಂಶದಿಂದ ತಂತ್ರಾಂಶಕ್ಕೆ ಹೋಗುವಾಗ ಕಡತ ಹಿಗ್ಗುವುದು ಕುಗ್ಗುವುದು ಮಾಮೂಲಿ. ಅಗಲ 28.5 ಸೆಂ.ಮೀ., ಇಂಚಿನಲ್ಲಿ 11.22, ಅಷ್ಟೇ ಇದೆಯಾ ನೋಡಿ. ಇಲ್ಲದಿದ್ದರೆ ಬೀಗದ ಗುರುತು ಹಾಕಿ, ಅಂದರೆ ಅಗಲ ಎತ್ತರ ಒಟ್ಟಿಗೆ ಬದಲಾಗುವಂತೆ ಇಟ್ಟು, ಸರಿ ಮಾಡಿ. ಎರಡು ಹಾಳೆಯ ಅಳತೆಯಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಮುಚ್ಚಳ ಕೂರುವುದಿಲ್ಲ.

ಆಮೇಲೆ ಕ್ರಿಕಟ್ ತಂತ್ರಾಂಶದಲ್ಲಿ ಮಡಿಕೆ ಗೆರೆಗಳನ್ನು ಆರಿಸಿ ಕೆಲಸವನ್ನು 'ಸ್ಕೋರ್' ಎಂದು ಬದಲಿಸಿ. ಸ್ಕೋರ್ ಅಂದರೆ ಕತ್ತರಿಸದೆ ಒತ್ತಿ ತಗ್ಗು ಮಾಡುವುದು. ಅದಕ್ಕೆ ಬೇರೆ ಮೊನೆ ಬೇಕು. ಈಗ ಎಲ್ಲವನ್ನೂ ಆರಿಸಿ 'ಅಟ್ಯಾಚ್' ಒತ್ತಿ. ಇದೊಂದು ಮರೆತರೆ ತಂತ್ರಾಂಶ ಕಾಗದ ಉಳಿಸುವ ಉತ್ಸಾಹದಲ್ಲಿ ಮಡಿಕೆ ಗೆರೆಗಳನ್ನೆಲ್ಲ ಒಯ್ದು ಒಂದು ಮೂಲೆಯಲ್ಲಿ ಜೋಡಿಸಿ ಇಡುತ್ತದೆ. ಸ್ಕೋರ್ ಮೊನೆ ಇಲ್ಲದವರು ಮಡಿಕೆ ಗೆರೆಗಳನ್ನು ಅಳಿಸಿಬಿಡಿ, ಕೈಯಲ್ಲೇ ಹಾಕೋಣ.

ಅಮೆರಿಕದಲ್ಲಿರುವವರು ಲೆಟರ್ ಹಾಳೆಯಲ್ಲಿ ಪ್ರಯತ್ನಿಸಬೇಡಿ. ಅದರ ಉದ್ದ 27.9 ಸೆಂ.ಮೀ. ಮಾತ್ರ, ನಕ್ಷೆ ಹೊರಗೆ ಹೋಗುತ್ತದೆ. ನಿಮಗೆ 12 × 12 ಇಂಚಿನ ಕಾರ್ಡ್ ಸುಲಭವಾಗಿ ಸಿಗುತ್ತದೆ, ಅದನ್ನೇ ಬಳಸಿ.

5. ಪರೀಕ್ಷೆ, ಆಮೇಲೆ ಕತ್ತರಿಕೆ

ಅದೇ ಕಾಗದದ ಮೂಲೆಯಲ್ಲಿ 2 ಸೆಂ.ಮೀ. ಚೌಕ, ಅದರೊಳಗೆ ನಿಮ್ಮ ಚಿತ್ತಾರದ ಅತಿ ಸಣ್ಣ ತೂತು ಒಂದನ್ನು ಕತ್ತರಿಸಿ ನೋಡಿ. ಪೂರ್ತಿ ಹಾಳೆ ಹಾಳಾಗುವುದಕ್ಕಿಂತ ಇದು ವಾಸಿ. ಕ್ರಿಕಟ್ ಪಟ್ಟಿಯಲ್ಲಿ 176 ಜಿಎಸ್‌ಎಂನ ಲೈಟ್ ಕಾರ್ಡ್‌ಸ್ಟಾಕ್, 216ರ ಮೀಡಿಯಂ ಕಾರ್ಡ್‌ಸ್ಟಾಕ್ ಅಂತ ಇರುತ್ತದೆ. ನಿಮ್ಮ ಕಾಗದಕ್ಕೆ ಹತ್ತಿರದ್ದು ಆರಿಸಿ. ಚಿತ್ತಾರ ದಟ್ಟವಾಗಿದ್ದರೆ ಇಂಟ್ರಿಕೇಟ್ ಕಟ್ಸ್ ಎಂದು ಸೇರಿಸಿದ ಕಾರ್ಡ್‌ಸ್ಟಾಕ್ ಆಯ್ಕೆ ಇದೆ, ನಿಧಾನ, ಆದರೆ ಮೂಲೆಗಳು ಹರಿಯುವುದಿಲ್ಲ.

ಕತ್ತರಿಸದೆ ಉಳಿದರೆ ಒತ್ತಡ ಸ್ವಲ್ಪ ಹೆಚ್ಚಿಸಿ. ಅಂಚು ನಾರುನಾರಾಗಿ ಬಂದರೆ ಒತ್ತಡದ ತಪ್ಪಲ್ಲ, ಬ್ಲೇಡಿನದು. ಬ್ಲೇಡಿನ ತುದಿಯಲ್ಲಿ ಕಾಗದದ ಚೂರು ಸಿಕ್ಕಿರಬಹುದು. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಬ್ಲೇಡನ್ನು ಅದಕ್ಕೆ ನಾಲ್ಕಾರು ಸಲ ಚುಚ್ಚಿ ತೆಗೆದರೆ ಚೂರು ಬಿಟ್ಟುಹೋಗುತ್ತದೆ. ಆಮೇಲೂ ಹಾಗೇ ಆದರೆ ಹೊಸ ಬ್ಲೇಡ್ ಹಾಕಿ.

ಈಗ ಲಟ್ಟಣಿಗೆ. ಹಾಳೆಯನ್ನು ಮ್ಯಾಟ್ ಮೇಲೆ ಮೂಲೆಗೆ ಸರಿಯಾಗಿ ಇಟ್ಟು, ಚೆಂದದ ಮೈ ಮೇಲೆ ಬರುವಂತೆ, ಲಟ್ಟಣಿಗೆ ಉರುಳಿಸಿ ಒತ್ತಿ. ಕೈಯಲ್ಲಿ ಒತ್ತಿದರೆ ನಡುವೆ ಗಾಳಿ ಉಳಿಯುತ್ತದೆ, ಬ್ಲೇಡ್ ಅಲ್ಲಿಗೆ ಬಂದಾಗ ಕಾಗದ ಜಾರುತ್ತದೆ. ಲಟ್ಟಣಿಗೆಯಲ್ಲಿ ಎಣ್ಣೆ ಹಿಟ್ಟು ಇರಬಾರದು ಅಂತ ಬೇರೆ ಹೇಳಬೇಕಾಗಿಲ್ಲ. ಮ್ಯಾಟ್ ಹೊಚ್ಚಹೊಸದಾಗಿದ್ದರೆ ಅಂಟು ಜಾಸ್ತಿ ಇರುತ್ತದೆ, ಒಗೆದ ಹತ್ತಿ ಬಟ್ಟೆಯನ್ನು ಒಂದೆರಡು ಸಲ ಒತ್ತಿ ತೆಗೆಯಿರಿ. ಹಳೆಯದಾಗಿ ಅಂಟು ಹೋಗಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿ.

ಕತ್ತರಿಸಿ ಮುಗಿದ ಮೇಲೆ ಕಾಗದವನ್ನು ಹಿಡಿದು ಎಳೆಯಬೇಡಿ. ಮ್ಯಾಟನ್ನು ಮಗುಚಿ ಮೇಜಿನ ಮೇಲೆ ಇಡಿ, ಕಾಗದ ಮೇಜಿಗೆ ತಾಗಿರಲಿ. ಈಗ ಮ್ಯಾಟನ್ನೇ ಬಾಗಿಸುತ್ತಾ ಮೇಲಕ್ಕೆ ಸುಲಿಯಿರಿ. ಕಾಗದ ಚಪ್ಪಟೆಯಾಗಿಯೇ ಉಳಿಯುತ್ತದೆ. ಕಾಗದವನ್ನು ಎಳೆದರೆ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಆ ಸುರುಳಿ ಆಮೇಲೆ ಎಷ್ಟು ಒತ್ತಿದರೂ ಪೂರ್ತಿ ಹೋಗಲ್ಲ. ಉಳಿದ ಚೂರುಗಳನ್ನು ಸೂಜಿಯಿಂದ ಹಿಂದಿನಿಂದ ತಳ್ಳಿ.

6. ಮಡಿಕೆ

ಬುಟ್ಟಿ ನೇರ ನಿಲ್ಲುತ್ತದೋ ಸೊಟ್ಟ ಆಗುತ್ತದೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ನಿಧಾನ ಮಾಡಿ.

ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ. ಎಳೆಯ ಉದ್ದಕ್ಕೆ ಮಡಚಿದರೆ ಸಲೀಸು, ಅಡ್ಡಕ್ಕೆ ಮಡಚಿದರೆ ಬಿರುಕು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಾಗುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಉದ್ದ ಬದಿಗೆ ಇರುತ್ತದೆ. ನಮ್ಮ ನಿಂತ ಮಡಿಕೆಗಳು ಗಿಡ್ಡ ಬದಿಗೆ. ಅಂದರೆ ಅಡ್ಡಕ್ಕೇ ಮಡಚುತ್ತಿದ್ದೇವೆ. ಅದಕ್ಕೇ ಸ್ಕೋರ್ ಗೆರೆ ಆಳವಾಗಿ ಬೀಳಬೇಕು. ಮಷೀನ್ ಹಾಕಿದ ಗೆರೆ ಮಂದವಾಗಿದ್ದರೆ ಸ್ಟೀಲ್ ಸ್ಕೇಲು ಇಟ್ಟು ಇಂಕಿಲ್ಲದ ಬಾಲ್ ಪೆನ್ನಿನಲ್ಲಿ ಇನ್ನೊಂದು ಸಲ ಎಳೆಯಿರಿ. ಕೆಳಗೆ ನಾಲ್ಕಾರು ಹಾಳೆ ಪತ್ರಿಕೆ ಇರಲಿ, ಗಟ್ಟಿ ಮೇಜಿನ ಮೇಲೆ ತಗ್ಗು ಬೀಳುವುದಿಲ್ಲ.

ಗೆರೆ ಎಳೆದ ಕಡೆ ತಗ್ಗು, ಹಿಂದುಗಡೆ ಸಣ್ಣ ಏಣು ಎದ್ದಿರುತ್ತದೆ. ಏಣು ಒಳಗೆ, ತಗ್ಗು ಹೊರಗೆ ಬರುವಂತೆ ಮಡಚಬೇಕು. ತಗ್ಗು ಇರುವ ಕಡೆಗೇ ಮಡಚುವುದು ಸಹಜ ಅನ್ನಿಸುತ್ತದೆ, ಆದರೆ ಹಾಗೆ ಮಾಡಿದರೆ ಹೊರಮೈ ಎಳೆದು ಬಿರುಕು ಬಿಡುತ್ತದೆ. ಒಂದೇ ಸಲಕ್ಕೆ ಪೂರ್ತಿ ಮಡಚಬೇಡಿ. ಸ್ಕೇಲಿನ ಅಂಚಿಗೆ ಆನಿಸಿ ಅರ್ಧ ಏಳಿಸಿ, ಎಲ್ಲ ಗೆರೆಯೂ ಹಾಗಾದ ಮೇಲೆ ಪೂರ್ತಿ ಮಾಡಿ.

7. ಅಂಟಿಸುವ ಕ್ರಮ

ಕ್ರಮ ತಪ್ಪಿದರೆ ಕೈ ಒಳಗೆ ಹೋಗಲ್ಲ, ಆದ್ದರಿಂದ ಹೀಗೇ ಮಾಡಿ.

ಮೊದಲು, ಬುಟ್ಟಿ ಇನ್ನೂ ಚಪ್ಪಟೆ ಇರುವಾಗಲೇ ಟ್ರೇಸಿಂಗ್ ಪೇಪರ್. ಒಂದೊಂದು ಮುಖಕ್ಕೂ ಬೇರೆ ತುಂಡು, 84 × 154 ಮಿ.ಮೀ. ಒಂದು ಎ4 ಹಾಳೆಯಲ್ಲಿ ಮೂರು ಬರುತ್ತದೆ. ಮೂರು ಮುಖಕ್ಕೂ ಒಂದೇ ಉದ್ದ ಹಾಳೆ ಅಂಟಿಸಿ ಕೆಲಸ ಉಳಿಸೋಣ ಅನ್ನಿಸುತ್ತದೆ. ಬೇಡ. ಮಡಿಕೆಯಲ್ಲಿ ಅದು ಮುದುಡಿಕೊಂಡು ಬೆಳಕಿನಲ್ಲಿ ಸುಕ್ಕು ಗೆರೆಯಾಗಿ ಕಾಣುತ್ತದೆ. ಇದಕ್ಕೆ ಗ್ಲೂ ಸ್ಟಿಕ್ ಮಾತ್ರ. ಫೆವಿಕಾಲ್‌ನ ನೀರಿಗೆ ಟ್ರೇಸಿಂಗ್ ಪೇಪರ್ ಅಲೆಅಲೆಯಾಗಿ ಏಳುತ್ತದೆ. ಮೈದಾ ಅಂಟು ಹಳೆಯ ಪದ್ಧತಿ, ಬಿದಿರು ಕಡ್ಡಿಗೆ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಮುಂದಿನ ವರ್ಷಕ್ಕೆ ಎತ್ತಿಡುವುದಾದರೆ ಬೂಸ್ಟು, ಜಿರಲೆ ಎರಡಕ್ಕೂ ಆಹ್ವಾನ.

ಎರಡನೆಯದು, ಎರಡು ಹಾಳೆಗಳನ್ನು ಸೇರಿಸಿ ಆರು ಮುಖದ ಪಟ್ಟಿ ಮಾಡುವುದು. ಇಲ್ಲಿ ಫೆವಿಕಾಲ್, ತೆಳುವಾಗಿ, ಬೆರಳಲ್ಲಿ ಒರೆಸಿ ಹರಡಿದಷ್ಟು. ಹೆಚ್ಚಾದರೆ ಕಾರ್ಡ್ ಉಬ್ಬುತ್ತದೆ. ಬಟ್ಟೆ ಕ್ಲಿಪ್ಪು ಹಾಕಿ ಪೂರ್ತಿ ಒಣಗಲು ಬಿಡಿ. ಎರಡೂ ಬದಿ ಅಂಟುವ ಟೇಪು ಬೇಗ ಆಗುತ್ತದೆ ನಿಜ. ಆದರೆ ಮಂಗಳೂರು, ಕಾರವಾರದ ಕಡೆಯ ತೇವದ ಗಾಳಿಯಲ್ಲಿ ಎರಡು ರಾತ್ರಿಗೆ ಬಿಟ್ಟುಕೊಂಡರೂ ಆಶ್ಚರ್ಯ ಇಲ್ಲ.

ಮೂರನೆಯದು, ಕೊನೆಯ ಅಂಚು ಸೇರಿಸಿ ಸುತ್ತು ಮುಚ್ಚುವುದು. ಸ್ಕೇಲನ್ನು ಒಳಗೆ ತೂರಿಸಿ ಅದರ ಮೇಲೆ ಒತ್ತಿದರೆ ಅಂಚು ನೇರ ಬರುತ್ತದೆ.

ಕೊನೆಗೆ ಮುಚ್ಚಳಗಳು. ಅಂಟುಪಟ್ಟಿಗಳನ್ನು ಒಳಗೆ ಮಡಚಿ, ಅವುಗಳ ಮೇಲೆ ಗೋಂದು ಹಚ್ಚಿ, ಮುಚ್ಚಳವನ್ನು ಹೊರಗಿನಿಂದ ಕೂರಿಸಿ. ಆರೂ ಬದಿಗೆ ಒಟ್ಟಿಗೆ ಗೋಂದು ಹಚ್ಚಬೇಡಿ. ಎದುರುಬದುರು ಎರಡು ಬದಿ ಮೊದಲು, ಅವು ಹಿಡಿದ ಮೇಲೆ ಉಳಿದದ್ದು. ತೂತಿನಿಂದ ಕೈ ಹಾಕಿ ಒಳಗಿನಿಂದ ಒತ್ತಿ. ದಾರದ ಮೂರು ತೂತುಗಳ ಒಳಬದಿಗೆ ಒಂದೊಂದು ಸಣ್ಣ ಕಾರ್ಡ್ ಚೂರು ಅಂಟಿಸಿ ಮತ್ತೆ ತೂತು ಮಾಡಿ. ಇಡೀ ಬುಟ್ಟಿ ನೂರು ಗ್ರಾಂ ಕೂಡ ತೂಗುವುದಿಲ್ಲ, ಆದರೂ ಗಾಳಿಗೆ ಎಳೆದಾಡುವಾಗ ಹರಿಯುವುದು ಇದೇ ಜಾಗ.

ಬಾಲ ಬೇಕಾದವರು ಕೆಳಗಿನ ಮುಚ್ಚಳಕ್ಕೆ ತೆಳು ಕಾಗದದ ಪಟ್ಟಿಗಳನ್ನು ಅಂಟಿಸಿ. ಇದಕ್ಕೆ ಮಷೀನ್ ಬೇಡ, ಕತ್ತರಿ ಸಾಕು.

8. ದೀಪ

ಹಣತೆ, ಮೇಣದಬತ್ತಿ ಒಳಗೆ ಇಡಲೇಬೇಡಿ. ಹಳೆಯ ಸೊನ್ನೆ ವ್ಯಾಟ್ ಬಲ್ಬೂ ಬೇಡ. ಹೆಸರು ಸೊನ್ನೆ, ತಿನ್ನುವುದು ಹತ್ತು ವ್ಯಾಟಿಗೂ ಮೇಲೆ, ಅದೆಲ್ಲ ಹೆಚ್ಚುಕಡಿಮೆ ಬಿಸಿಯಾಗಿಯೇ ಹೊರಬರುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿ ಬಲ್ಬು ಈ ಗಾತ್ರಕ್ಕೆ ಬೇಕಾದಷ್ಟಾಯಿತು. 9 ವ್ಯಾಟಿನ ಮಾಮೂಲಿ ಎಲ್‌ಇಡಿ ಕೂಡ ಬುಡದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ, ಬೆಳಕೂ ಕಣ್ಣಿಗೆ ಹೊಡೆಯುತ್ತದೆ.

ಬಲ್ಬು ಬುಟ್ಟಿಯ ನಡುಮಧ್ಯ, ಯಾವ ಗೋಡೆಗೂ ತಾಗದಂತೆ ಇರಲಿ. ಮಧ್ಯದಿಂದ ಮುಖಕ್ಕೆ ಸುಮಾರು 8 ಸೆಂ.ಮೀ. ಸಿಗುತ್ತದೆ. ಒಂದು ಕಡೆ ವಾಲಿದರೆ ಆ ಮುಖದಲ್ಲಿ ಮಾತ್ರ ಬಿಳಿ ಚುಕ್ಕಿ ಎದ್ದು ಕಾಣುತ್ತದೆ. ಬುಟ್ಟಿ ದಾರದಲ್ಲಿ ತೂಗಬೇಕು, ಬಲ್ಬು ತನ್ನ ವೈರಿನಲ್ಲಿ. ಬುಟ್ಟಿಯ ಭಾರ ವೈರಿಗೆ ಕೊಡಬೇಡಿ.

ಹೊರಗೆ ಕಟ್ಟುವವರಿಗೆ: ದೀಪಾವಳಿ ಹೊತ್ತಿಗೆ ಹಿಂಗಾರು ಮಳೆ ಇನ್ನೂ ಮುಗಿದಿರುವುದಿಲ್ಲ. ನೀರು ಬೀಳುವ ಜಾಗದಲ್ಲಿ 230 ವೋಲ್ಟಿನ ಹೋಲ್ಡರ್ ಬೇಡವೇ ಬೇಡ. ಯುಎಸ್‌ಬಿಯಲ್ಲಿ ಓಡುವ 5 ವೋಲ್ಟಿನ ದೀಪ ತಗೊಂಡು ಅಡಾಪ್ಟರನ್ನು ಮನೆಯೊಳಗೇ ಇಡಿ. ಯುಎಸ್‌ಬಿ ಸರ ಆದರೆ ಅದನ್ನು ಒಂದು ಸಣ್ಣ ಗಾಜಿನ ಬಾಟಲಿಯ ಹೊರಗೆ ಸುತ್ತದೆ, ಬಾಟಲಿಯ ಒಳಗೆ ತುಂಬಿ ನಡುವೆ ತೂಗಿಬಿಡಿ, ಬೆಳಕು ಒಂದೇ ಕಡೆಯಿಂದ ಬರುತ್ತದೆ. ಹೊಳಪಿನ ಬುಟ್ಟಿಗೆ ಮಾತ್ರ ಇದು. ಮಳೆಗೆ ಒದ್ದೆಯಾದ ಕಾರ್ಡನ್ನು ಬಿಸಿಲಿಗೆ ಇಡಬೇಡಿ, ಸೊಟ್ಟಗಾಗುತ್ತದೆ. ಫ್ಯಾನಿನ ಕೆಳಗೆ ನೇತುಹಾಕಿ.

9. ಇನ್ನೊಂದು ಮಾಡುವ ಮುನ್ನ

ಒಂದು ಮಾಡಿದ ಮೇಲೆ ಪಕ್ಕದ ಮನೆಯವರಿಗೂ, ಅಕ್ಕನ ಮನೆಗೂ ಬೇಕಾಗುತ್ತದೆ, ಅದು ಇದ್ದದ್ದೇ. ಕಡತದ ಹೆಸರಿನಲ್ಲೇ ಕಾಗದದ ಜಿಎಸ್‌ಎಂ, ಆರಿಸಿದ ಸೆಟ್ಟಿಂಗ್, ಒತ್ತಡ ಬರೆದು ಉಳಿಸಿ. ಮುಂದಿನ ವರ್ಷ ನೆನಪಿರುವುದಿಲ್ಲ. ನಿಮ್ಮ ಬುಟ್ಟಿಯನ್ನು ಮಡಚಿ ಎತ್ತಿಡಬೇಕು ಅನ್ನುವುದಾದರೆ ಮುಚ್ಚಳಗಳಿಗೆ ಗೋಂದು ಹಾಕದೆ ಆರು ಬದಿಯಲ್ಲೂ ಒಂದೊಂದು ಸಣ್ಣ ಕ್ಲಿಪ್ಪು ಸಿಕ್ಕಿಸಿ. ಕ್ಲಿಪ್ಪು ತೆಗೆದರೆ ಮೈ ಎರಡು ಮಡಿಕೆಯಲ್ಲಿ ಚಪ್ಪಟೆ ಆಗಿ ದೊಡ್ಡ ಪುಸ್ತಕದ ನಡುವೆ ಕೂರುತ್ತದೆ. ಮ್ಯಾಟಿನ ಮೇಲೆ ಅದರ ಪ್ಲಾಸ್ಟಿಕ್ ಹೊದಿಕೆ ಮತ್ತೆ ಅಂಟಿಸಿ ಇಡಿ, ಪಟಾಕಿ ಧೂಳು ಕೂತರೆ ಅಂಟು ಹೋಗುತ್ತದೆ.